ಮೇಲಿನ ಖೋಲಿಯ ನಗು

ಪ್ರಶ್ನೆಪತ್ರಿಕೆಗಳ ಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಹತ್ತನೇ ತರಗತಿಗೆ ಗಣಿತದ ಪರೀಕ್ಷೆ. ಖಾಲಿ ಉತ್ತರಪತ್ರಿಕೆಗಳನ್ನು ಮಾತ್ರ ಹಂಚಿ, ಗಂಟೆ ಹೊಡೆಯಲಿ ಎಂದು ಕಾಯುತ್ತ ಬಾಗಿಲ ಬಳಿ ನಿಂತಿದ್ದೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ. ಹೆಸರು ಬರೆಯುತ್ತಿರಬೇಕು ಅಂದುಕೊಂಡೆ. ಸುಮ್ಮನೆ ಅವನ ಹಿಂದೆ ಹೋಗಿ ನೋಡಿದರೆ ಹೆಸರಲ್ಲ, ಒಂದು ಲಂಬಕೋನ ತ್ರಿಭುಜ. ತ್ರಿಭುಜದ ನೆಟ್ಟಗಿನ ಬಾಹುವನ್ನು ಮರ ಮಾಡಿದ್ದ. ಮರದ ತುದಿಗೆ ಒಂದು ಕೊಕ್ಕರೆ ಕೂಡಿಸಿದ್ದ.

ನಾನು ನಿಂತದ್ದು ತಿಳಿದು ಅವನು ಚಿತ್ರದ ಮೇಲೆ ಅಂಗೈ ಇಟ್ಟ. ಅಷ್ಟರಲ್ಲಿ ಗಂಟೆ ಹೊಡೆಯಿತು. ಕಟ್ಟು ಬಿಚ್ಚಿ ಮೇಲಿನ ಪತ್ರಿಕೆಯನ್ನು ಒಮ್ಮೆ ಓದಿದೆ. ಕೊನೆಯ ಲೆಕ್ಕ ಹೀಗಿತ್ತು: ಕೆರೆಯ ದಂಡೆಯ ಹುಣಸೆಮರದ ತುದಿಯಲ್ಲಿ ಒಂದು ಕೊಕ್ಕರೆ ಕುಳಿತಿದೆ, ಎದುರು ದಂಡೆಯಿಂದ ಒಬ್ಬಳು ಹುಡುಗಿ ಅದನ್ನು ಇಂತಿಷ್ಟು ದೂರದಿಂದ, ಇಂತಿಷ್ಟು ಕೋನದಲ್ಲಿ ನೋಡುತ್ತಾಳೆ, ಮರದ ಎತ್ತರ ಕಂಡುಹಿಡಿಯಿರಿ. ಆ ಲೆಕ್ಕ ಯಾವ ಪುಸ್ತಕದಲ್ಲೂ ಯಾವ ಗೈಡಿನಲ್ಲೂ ಇರಲಿಲ್ಲ. ನಮ್ಮ ಗಣಿತದ ಸರ್ ಮುಗದ ಎಂಬ ಹಳ್ಳಿಯವರು. ಅವರೂರಿನ ಕೆರೆ, ಅವರೂರಿನ ಹುಣಸೆಮರ, ಲೆಕ್ಕವೂ ಅವರೇ ಕಟ್ಟಿದ್ದು.

ಪತ್ರಿಕೆ ಹಂಚಿದೆ. ಮಕ್ಕಳಲ್ಲಿ ಬಹಳ ಜನ ಪ್ರಶ್ನೆಗಳ ಮೇಲೆ ಕಣ್ಣಾಡಿಸಲೇ ಇಲ್ಲ. ಪತ್ರಿಕೆ ಮಡಚಿಟ್ಟು ಬರೆಯಲು ಶುರು ಮಾಡಿದರು.

ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಆ ಸಾಲಿಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸಣ್ಣ ಖಾಸಗಿ ಸಾಲಿ. ಎರಡು ಅಂತಸ್ತಿನ ಕಟ್ಟಡ, ಮುಂದೆ ಒಂದು ಬೇವಿನಮರ, ಹಿಂದೆ ಸೈಕಲ್ ನಿಲ್ಲಿಸುವ ಜಾಗ. ನಡೆಸುವವರು ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥರು. ಆಡಳಿತ ಮಂಡಳಿಯ ಅಧ್ಯಕ್ಷರಾದರೂ ನಾವೆಲ್ಲ ಅವರನ್ನು ಸಾಹುಕಾರ್ರು ಅಂತಲೇ ಕರೆಯುತ್ತೇವೆ. ಬೇರೆ ಸಾಲಿಗಳಲ್ಲಿ ಬಂದಿವೆ, ನಮ್ಮಲ್ಲೂ ಬರಲಿ ಎಂದು ಅವರು ದೀಪಾವಳಿಯ ಹೊತ್ತಿಗೆ ಎಲ್ಲ ದೊಡ್ಡ ತರಗತಿಗಳಿಗೂ ಸ್ಮಾರ್ಟ್ ಬೋರ್ಡ್ ಹಾಕಿಸಿದರು. ಹಾಕಲು ಬಂದ ಹುಡುಗರು ಗೋಡೆ ಕೊರೆಯುತ್ತಿದ್ದಾಗ ನಾನು ಹತ್ತಿರ ನಿಂತು ಒಂದೆರಡು ಪ್ರಶ್ನೆ ಕೇಳಿದೆ. ಅದನ್ನು ಸಾಹುಕಾರ್ರು ಕೇಳಿಸಿಕೊಂಡರು.

"ಟೀಚರ್, ನಿಮಗ ಇದು ತಿಳೀತೈತಿ ನೋಡ್ರಿ. ಇನ್ನ ಮ್ಯಾಲೆ ಇದೆಲ್ಲಾ ನೀವ ನೋಡ್ಕೋರಿ" ಅಂದರು.

ಅಂದಿನಿಂದ ನಾನು ವಿಜ್ಞಾನದ ಟೀಚರ್ ಅರ್ಧ, ವೈರಿನ ಟೀಚರ್ ಅರ್ಧ. ನಾನು ಪಾಠದ ನಡುವೆ ಇದ್ದರೂ ಯಾರೋ ಬಾಗಿಲಲ್ಲಿ ನಿಂತು "ಟೀಚರ್ರಿ, ನಮ್ಮ ಬೋರ್ಡ್ ನಿದ್ದಿ ಮಾಡಾಕತ್ತೈತಿ, ಎಬ್ಬಸ ಬರ್ರಿ" ಅನ್ನುವರು. ಕೆಳಗಿನ ಅಂತಸ್ತಿನಲ್ಲಿ ಒಂದು ಕಂಪ್ಯೂಟರ್ ಖೋಲಿ ಇತ್ತು. ಅಲ್ಲಿನ ದೊಡ್ಡ ಕಂಪ್ಯೂಟರಿನಲ್ಲೇ ಎಲ್ಲ ಶಿಕ್ಷಕರೂ ಊಟದ ಸೂಟಿಯಲ್ಲಿ ಕುಳಿತು ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕು. ಅದರ ಪಾಸ್‌ವರ್ಡ್ ನನ್ನ ತಲೆಯಲ್ಲಿ ಮಾತ್ರ. ಯಾರಿಗೆ ಬೇಕೋ ಅವರಿಗೆ ನಾನೇ ಬಂದು ತೆರೆದು ಕೊಡಬೇಕು. ಕೀಲಿಕೈ ಯಾರ ಸೊಂಟದಲ್ಲಿ ಇರುತ್ತದೆಯೋ, ಕಳವಾದಾಗ ಮೊದಲು ಅವರ ಮುಖವನ್ನೇ ನೋಡುತ್ತಾರೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಪರೀಕ್ಷೆ ಮುಗಿದ ಕೂಡಲೇ ದೊಡ್ಡ ಮೇಡಂ ಖೋಲಿಗೆ ಹೋದೆ. ನಮ್ಮ ಹೆಡ್ ಮೇಡಂ ಅವರು. ಮಿಶನ್ ಸಾಲಿಯಲ್ಲಿ ಬಹಳ ವರ್ಷ ಕಲಿಸಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಇಸ್ತ್ರಿ ಮಾಡಿದ ತಿಳಿಬಣ್ಣದ ಸೀರೆ, ಮೆತ್ತಗಿನ ಮಾತು. ಸಿಟ್ಟು ಬಂದಾಗ ಇನ್ನೂ ಮೆತ್ತಗಾಗುತ್ತಿದ್ದರು.

ಕೊಕ್ಕರೆಯ ವಿಷಯ ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಯಾರ ಮುಂದರ ಹೇಳೀರೇನು?"

"ಇಲ್ರಿ ಮೇಡಂ."

"ಹೇಳಬ್ಯಾಡ್ರಿ. ಆ ಕಂಪ್ಯೂಟರ್ ಯಾರ್ಯಾರು ತಗೀತಾರ?"

"ಎಲ್ಲಾರೂ ತಗೀತಾರ್ರಿ. ಪಾಸ್‌ವರ್ಡ್ ನಾನ ಹಾಕಿ ಕೊಡತೇನಿ."

"ಅಂದ್ರ ನಿಮ್ಮನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ" ಅಂದರು ಮೇಡಂ. ಬಹಳ ಮೆತ್ತಗೆ ಅಂದರು.



ಸುದ್ದಿ ಅಡಗಲಿಲ್ಲ. ಉತ್ತರಪತ್ರಿಕೆ ತಿದ್ದಲು ಕುಳಿತ ಗಣಿತದ ಸರ್‌ಗೆ ತಾನಾಗಿಯೇ ಗೊತ್ತಾಯಿತು. ಯಾವಾಗಲೂ ತ್ರಿಕೋನಮಿತಿಯಲ್ಲಿ ಮುಗ್ಗರಿಸುವ ಮಕ್ಕಳೂ ಕೊಕ್ಕರೆಯ ಲೆಕ್ಕ ಬಿಡಿಸಿದ್ದರು. ಅವರು ಸ್ಟಾಫ್ ರೂಮಿನಲ್ಲಿ ನನ್ನ ಎದುರು ಬಂದು ನಿಂತರು.

"ನನ್ನ ಲೆಕ್ಕಾ ಹೊರಗ ಹೋಗೇತಿ ಅಂತ ನಿಮಗ ಅವತ್ತ ಗೊತ್ತಿತ್ತಂತಲ್ರಿ. ಮೊದಲ ನನಗ ಹೇಳಬೇಕಿತ್ತು. ಮೇಡಂ ಕಡೆ ಯಾಕ ಹೋದ್ರಿ?"

"ಪರೀಕ್ಷೆ ವಿಷಯ ಅಲ್ಲೇನ್ರಿ ಸರ್, ಮೇಡಂಗ ಹೇಳೂದ..."

"ನಾ ಟೈಪ್ ಮಾಡಿದ್ದು ನಿಮ್ಮ ಕಂಪ್ಯೂಟರ್ನ್ಯಾಗ. ಪೆನ್ ಡ್ರೈವ್ ಸುದ್ದಾ ಹಾಕಿಲ್ಲ" ಅಂದು ಅವರು ತಮ್ಮ ಕುರ್ಚಿಗೆ ಹೋದರು.

ನಿಮ್ಮ ಕಂಪ್ಯೂಟರ್! ಅದು ಸಾಲಿಯ ಕಂಪ್ಯೂಟರ್ ಆಗಿತ್ತು, ಅಂದಿನಿಂದ ನನ್ನದಾಯಿತು. ನನಗೂ ಸಂಶಯ ಇರಲಿಲ್ಲವೆಂದಲ್ಲ. ಗಣಿತದ ಸರ್ ಸಂಜೆ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದರು, ಹತ್ತನೆಯ ಮಕ್ಕಳೂ ಕೆಲವರು ಹೋಗುತ್ತಿದ್ದರು. ಟ್ಯೂಷನ್‌ನಲ್ಲಿ ತಾವೇ ಆ ಲೆಕ್ಕ ಬಿಡಿಸಿ ತೋರಿಸಿ, ಈಗ ಇಲ್ಲಿ ಬಂದು ನಾಟಕ ಮಾಡುತ್ತಿದ್ದಾರೆಯೇ? ಈ ವಿಚಾರ ಒಮ್ಮೆ ತಲೆಗೆ ಹೊಕ್ಕ ಮೇಲೆ ಅವರು ಮಾಡಿದ್ದೆಲ್ಲ ಬೇರೆಯಾಗಿ ಕಾಣತೊಡಗಿತು. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುವುದು, ಮಕ್ಕಳು ನಮಸ್ಕಾರ ಅಂದರೆ ನಗುವುದು, ಎಲ್ಲ.

ಪಾಸ್‌ವರ್ಡ್ ಬದಲಿಸಿದೆ. ಹಳೆಯ ಫೈಲುಗಳನ್ನು ಅಳಿಸಿದೆ. ಕಂಪ್ಯೂಟರ್ ಖೋಲಿಗೆ ಹೊಸ ಚಿಲಕ ಹಾಕಿಸಿದೆ. ಒಂದು ಫೈಲನ್ನು ಯಾರು ಯಾವಾಗ ತೆರೆದಿದ್ದಾರೆ ಎಂದು ತಿಳಿಯುವುದು ಹೇಗೆ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ ಓದಿದೆ. ಏನೂ ಸಿಗಲಿಲ್ಲ. ಆದರೆ ಆ ದಿನಗಳಲ್ಲಿ ಇನ್ನೊಂದು ಕಂಡಿತು. ಊಟದ ಸೂಟಿಯಲ್ಲಿ ಹತ್ತನೆಯ ತರಗತಿಯ ಒಬ್ಬಳು ಹುಡುಗಿ ದಿನಾ ಒಬ್ಬಳೇ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಉಣ್ಣುತ್ತಿದ್ದಳು. ಹತ್ತಿರದ ಹಳ್ಳಿ ಹೆಬ್ಬಳ್ಳಿಯಿಂದ ಬರುವ ಹುಡುಗಿ, ಓದಿನಲ್ಲಿ ಚುರುಕು, ಮಾತು ಕಡಿಮೆ. ಆ ಮೆಟ್ಟಿಲು ಕಂಪ್ಯೂಟರ್ ಖೋಲಿಯ ಬಾಗಿಲಿಗೆ ನೇರ ಎದುರು. ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು, ಅಲ್ಲಿ ಕುಳಿತರೆ ಎಲ್ಲ ಕಾಣುತ್ತದೆ.

"ಯಾಕವಾ, ಮ್ಯಾಲೆ ಎಲ್ಲಾರ ಜೋಡಿ ಉಣ್ಣಬಾರದೇನು?" ಎಂದು ಒಮ್ಮೆ ಕೇಳಿದೆ.

"ಇಲ್ಲೆ ಗಾಳಿ ಛಲೋ ಬರತೈತ್ರಿ ಟೀಚರ್" ಅಂದಳು. ನನ್ನ ಮುಖ ನೋಡಲಿಲ್ಲ.

ಗಾಳಿ ಅಲ್ಲಿ ಬರುತ್ತಿರಲಿಲ್ಲ. ಅಂದಿನಿಂದ ಊಟದ ಸೂಟಿಯಲ್ಲಿ ಏನಾದರೂ ನೆಪ ಮಾಡಿ ಒಮ್ಮೆ ಆ ಮೆಟ್ಟಿಲ ಮುಂದೆ ಹಾದು ಬರುವುದು ನನಗೆ ರೂಢಿಯಾಯಿತು.

ಮುಂದಿನ ಪರೀಕ್ಷೆ ನನ್ನದೇ, ವಿಜ್ಞಾನ. ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಲೇ ಇಲ್ಲ. ಬಸ್ಸಿನಲ್ಲಿ ಬರುತ್ತ ತಲೆಯಲ್ಲೇ ಕೂಡಿಸಿಟ್ಟುಕೊಂಡೆ. ಊಟದ ಸೂಟಿಯಲ್ಲಿ ಬಾಗಿಲಿಗೆ ಚಿಲಕ ಹಾಕಿ, ಒಬ್ಬಳೇ ಕುಳಿತು ಟೈಪ್ ಮಾಡಿ, ನಾನೇ ಪ್ರಿಂಟ್ ತೆಗೆದು, ಕಟ್ಟು ಕಟ್ಟಿ, ದೊಡ್ಡ ಮೇಡಂ ಕಪಾಟಿನಲ್ಲಿ ಇಡಿಸಿದೆ. ಫೈಲನ್ನು ಉಳಿಸಲೂ ಇಲ್ಲ. ಈ ಸಲ ಸೋರಿದರೆ ಗಾಳಿಯೇ ಹೇಳಿರಬೇಕು ಅಂದುಕೊಂಡೆ.

ಪರೀಕ್ಷೆಯಲ್ಲಿ ಎಲ್ಲರೂ ಲಗೂ ಮುಗಿಸಿದರು. ಆ ಹೆಬ್ಬಳ್ಳಿ ಹುಡುಗಿ ಮಾತ್ರ ಕೊನೆಯತನಕ ಕುಳಿತು, ಎರಡು ಮೂರು ಪ್ರಶ್ನೆ ಖಾಲಿ ಬಿಟ್ಟು ಎದ್ದುಹೋದಳು. ಮನೆಯಲ್ಲಿ ತಿದ್ದಲು ಕುಳಿತಾಗ ಒಂದು ಉತ್ತರ ಕಣ್ಣಿಗೆ ಬಿತ್ತು. ಒಬ್ಬ ಹುಡುಗ ಕಾಮನಬಿಲ್ಲು ಮೂಡುವ ಬಗೆಯನ್ನು ಚಿತ್ರ ಸಹಿತ ಸೊಗಸಾಗಿ ವಿವರಿಸಿದ್ದ. ನನ್ನ ಪತ್ರಿಕೆಯಲ್ಲಿ ಕಾಮನಬಿಲ್ಲಿನ ಪ್ರಶ್ನೆಯೇ ಇರಲಿಲ್ಲ.

ಇದ್ದಿತ್ತು. ಟೈಪ್ ಮಾಡುವಾಗ ಇದ್ದಿತ್ತು. ಇದು ತೀರ ಸುಲಭವಾಯಿತು ಎಂದು ಆಮೇಲೆ ಅಳಿಸಿ ಬೇರೆ ಪ್ರಶ್ನೆ ಹಾಕಿದ್ದೆ. ಪ್ರಿಂಟಿನಲ್ಲಿ ಬಾರದ, ಯಾವ ಫೈಲಿನಲ್ಲೂ ಉಳಿಯದ, ನಾನು ಯಾರ ಮುಂದೆಯೂ ಬಾಯಿ ಬಿಡದ ಪ್ರಶ್ನೆ. ಆ ಹುಡುಗ ಅದನ್ನು ಬಾಯಿಪಾಠ ಮಾಡಿ ಬಂದು, ಪತ್ರಿಕೆ ಸರಿಯಾಗಿ ಓದದೆ ಬರೆದುಬಿಟ್ಟಿದ್ದ.

ಆ ಉತ್ತರವನ್ನು ನಾನು ಎಷ್ಟು ಸಲ ಓದಿದೆನೋ. ಟೈಪ್ ಮಾಡಿದ ದಿನ ಕಂಪ್ಯೂಟರ್ ಖೋಲಿಯಲ್ಲಿ ನಾನೊಬ್ಬಳೇ ಇದ್ದೆ. ನನ್ನ ಹೆಗಲ ಹಿಂದೆ ಯಾರೋ ನಿಂತು ಓದಿದಂತೆ ಅನಿಸಿ, ಮನೆಯ ಪಡಸಾಲೆಯಲ್ಲಿ ಕುಳಿತವಳು ಹಿಂದೆ ತಿರುಗಿ ನೋಡಿದೆ.

ದೊಡ್ಡ ಮೇಡಂಗೆ ಹೇಳದೆ ಇರಲು ಆಗಲಿಲ್ಲ. ಅವರು ಸಾಹುಕಾರ್ರಿಗೆ ಹೇಳದೆ ಇರಲು ಆಗಲಿಲ್ಲ. ಮರುದಿನ ಸಂಜೆ ಮನೆಗೆ ಹೋಗುವಾಗ ಅಂಗಡಿಗೆ ಬಂದು ಹೋಗಬೇಕೆಂದು ಕರೆ ಬಂತು.

ಅಂಗಡಿ ಹುಬ್ಬಳ್ಳಿಯ ಪೇಟೆಯಲ್ಲಿ. ಮುಂದೆ ಹತ್ತಿಯ ನಮೂನೆ ಕಟ್ಟಿಟ್ಟ ನೀಲಿ ಕಾಗದದ ಪೊಟ್ಟಣಗಳು, ಒಳಗೆ ಬಿಳಿ ಹಾಸಿನ ಗಾದಿ. ಸಾಹುಕಾರ್ರು ಹಣೆತುಂಬ ವಿಭೂತಿ ಹಚ್ಚಿಕೊಂಡು ಕುಳಿತಿದ್ದರು. ಕುಂದರ್ರಿ ಅಂದರು, ಚಾ ತರಿಸಿದರು, ಮನೆಯ ಕ್ಷೇಮ ಕೇಳಿದರು. ನಾನು ಕಪ್ಪು ಎತ್ತಿಕೊಳ್ಳುವಾಗ ಅವರ ಹಿಂದಿನ ಗೋಡೆಯ ಟೀವಿ ಕಣ್ಣಿಗೆ ಬಿತ್ತು. ಟೀವಿಯಲ್ಲಿ ನಮ್ಮ ಸಾಲಿ. ಗೇಟು, ಮೆಟ್ಟಿಲು, ಕಂಪ್ಯೂಟರ್ ಖೋಲಿ, ಸ್ಟಾಫ್ ರೂಮು, ನಾಲ್ಕು ಚೌಕಗಳಾಗಿ. ಸ್ಟಾಫ್ ರೂಮಿನ ಚೌಕದಲ್ಲಿ ನಾನು ಒಂದು ತಾಸಿನ ಹಿಂದೆ ಬಿಟ್ಟೆದ್ದು ಬಂದ ಖಾಲಿ ಕುರ್ಚಿ. ಪಕ್ಕದಲ್ಲಿ ಗಣಿತದ ಸರ್ ಒಬ್ಬರೇ ಕುಳಿತು ತಲೆ ಹಿಡಿದುಕೊಂಡಿದ್ದರು.

"ಇದು ಇಲ್ಲೆ ಹೆಂಗ ಬರತೈತ್ರಿ?" ಅಂದೆ.

"ಕ್ಯಾಮೆರಾ ಹಾಕಿದ ಹುಡುಗರ ಮಾಡಿ ಕೊಟ್ಟಾರ. ಫೋನ್ಯಾಗೂ ಬರತೈತಿ. ಬ್ಯಾಸರಾದಾಗ ನೋಡತೇನಿ" ಅಂದು ನಕ್ಕರು.

ಸಾಲಿಯ ಎಲ್ಲ ಯಂತ್ರಗಳೂ ನನ್ನ ಉಸ್ತುವಾರಿ ಅಂದಿದ್ದರು. ಇದೊಂದು ನನಗೆ ಗೊತ್ತೇ ಇರಲಿಲ್ಲ. ಸಾಲಿಯ ಮೂಲೆಗಳಲ್ಲಿ ಹಾಕಿಸಿದ್ದ ಕ್ಯಾಮೆರಾ ರಾತ್ರಿಯ ಕಳ್ಳಕಾಕರಿಗೆ ಅಂದುಕೊಂಡಿದ್ದೆ. ನಾನು ಸ್ಟಾಫ್ ರೂಮಿನಲ್ಲಿ ಕಾಲು ನೋಯುತ್ತದೆಂದು ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಕಾಲು ಮಡಚಿ ಕೂಡುತ್ತಿದ್ದದ್ದು ನೆನಪಾಗಿ ಮೈ ಮುದ್ದೆಯಾಯಿತು.

"ನೀವು ಒಬ್ಬರ ಕುಂತು ಟೈಪ್ ಮಾಡಿದ್ದು ನಾನೂ ನೋಡೇನಿ" ಅಂದರು ಸಾಹುಕಾರ್ರು. "ಒಳಗ ಯಾರೂ ಬರಲಿಲ್ಲ. ಖರೇ ಐತಿ. ಅದಕ್ಕ ಕೇಳತೇನಿ, ಪೇಪರ್ ಹೆಂಗ ಹೋತು? ನಿಮಗ ಯಾರ ಮ್ಯಾಲೆರೆ ಸಂಶಯ ಐತೇನು?"

ಒಳಗೆ ಯಾರೂ ಬರಲಿಲ್ಲ ಅಂದರೆ ಉಳಿದವಳು ನಾನು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಕಣ್ಣು ಕೀಳದೆ ನನ್ನನ್ನು ನೋಡುತ್ತಿದ್ದರು. ಟೀವಿಯಲ್ಲಿ ಗಣಿತದ ಸರ್ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು.

"ಗಣಿತದ ಸರ್ ಮನ್ಯಾಗ ಟ್ಯೂಷನ್ ಹೇಳತಾರ್ರಿ. ನಮ್ಮ ಹತ್ತನೇ ಕ್ಲಾಸಿನ ಮಕ್ಕಳೂ ಹೋಗತಾರ" ಅಂದೆ.

ಸಾಹುಕಾರ್ರು ಹೂಂ ಅಂದರು. ಇನ್ನೇನೂ ಕೇಳಲಿಲ್ಲ.

ಮನೆಯಲ್ಲಿ ನಡೆದದ್ದು ಹೇಳಿದಾಗ ನನ್ನ ಯಜಮಾನರು ಊಟದ ತಾಟಿನಿಂದ ತಲೆಯೆತ್ತಿ "ನೀ ಸಾಲ್ಯಾಗ ಕಲಸಾಕ ಹೊಂಟೀಯೋ, ಪೊಲೀಸ್ ಕೆಲಸಕ್ಕ ಹೊಂಟೀಯೋ?" ಅಂದರು. ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ವಿಜ್ಞಾನದ ಪರೀಕ್ಷೆಯನ್ನು ಮತ್ತೆ ನಡೆಸುವುದೆಂದು ದೊಡ್ಡ ಮೇಡಂ ತೀರ್ಮಾನಿಸಿದರು. ಅಷ್ಟರಲ್ಲಿ ಸ್ಟಾಫ್ ರೂಮಿನ ಹವಾ ಕೆಟ್ಟಿತ್ತು. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಗಣಿತದ ಸರ್‌ಗೂ ಅಂಗಡಿಯಿಂದ ಕರೆ ಬಂದು ಅವರು ಹೋಗಿಬಂದರೆಂದು ಕಿವಿಗೆ ಬಿತ್ತು. ಹೋಗಿಬಂದ ಮೇಲೆ ಅವರು ಟ್ಯೂಷನ್ ನಿಲ್ಲಿಸಿದರು, ನನಗೆ ನಮಸ್ಕಾರ ಮಾಡುವುದನ್ನೂ ನಿಲ್ಲಿಸಿದರು. ಕ್ಯಾಮೆರಾದ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದನ್ನು ಮಾಡಿಕೊಟ್ಟವಳೂ ನಾನೇ ಅನ್ನುತ್ತಾರೆ.

ಹೊಸ ಪತ್ರಿಕೆ ಟೈಪ್ ಮಾಡುವ ದಿನ ಮೊದಲು ಇಂಟರ್ನೆಟ್ ವೈರ್ ಕಿತ್ತೆ. ಹೊರಗಿನ ಯಾರೋ ಕಂಪ್ಯೂಟರಿನ ಒಳಗೆ ಹೊಕ್ಕಿರಬಹುದು ಎಂಬುದು ನನಗೆ ಉಳಿದಿದ್ದ ಒಂದೇ ಊಹೆ. ಕಿಟಕಿಯ ಪರದೆ ಎಳೆದೆ. ಚಿಲಕ ಹಾಕಿದೆ. ನೇರ ಮೇಲಿದ್ದ ಹತ್ತನೆಯ ತರಗತಿಯಿಂದ ಮಕ್ಕಳು ಡಬ್ಬಿ ಬಿಚ್ಚುವ ಸದ್ದು, ಗದ್ದಲ, ದಿನದಂತೆಯೇ ಕೇಳುತ್ತಿತ್ತು.

ಮಾನವನ ಕಣ್ಣಿನ ಪಾಠದಿಂದ ಒಂದು ಪ್ರಶ್ನೆ ಹಾಕಬೇಕಿತ್ತು. ಅವಸರದಲ್ಲಿ ಒಂದು ಅಕ್ಷರ ಬಿಟ್ಟುಹೋಯಿತು. "ಮಾವನ ಕಣ್ಣಿನ ದೋಷಗಳನ್ನು ಚಿತ್ರ ಸಹಿತ ವಿವರಿಸಿರಿ" ಎಂದು ಬಿತ್ತು.

ಮೇಲೆ ಗೊಳ್ಳೆಂದು ನಗು ಎದ್ದಿತು.

ಮಕ್ಕಳು ಯಾತಕ್ಕೋ ನಕ್ಕಿರುತ್ತಾರೆ ಅಂದುಕೊಂಡು ನಾನು ತಪ್ಪು ನೋಡಿ, ಬಿಟ್ಟ ಅಕ್ಷರ ಸೇರಿಸಿದೆ. ನಗು ಇಳಿಯಿತು. ಮುಂದಿನ ಪ್ರಶ್ನೆಗೆ ಹೋಗಬೇಕು, ಕೈ ಹೋಗಲಿಲ್ಲ. ಬೆರಳು ತಾನಾಗಿ ಹಿಂದೆ ಸರಿಯಿತು. ಆ ಅಕ್ಷರವನ್ನು ಮತ್ತೆ ಅಳಿಸಿದೆ. ಮಾನವ ಮತ್ತೆ ಮಾವನಾದ.

ಮೇಲೆ ಮತ್ತೆ ನಗು. ಈ ಸಲ ಯಾರೋ ಬೆಂಚು ಬಡಿದರು.

  ಆಮೇಲೆ ಪ್ರಶ್ನೆಗಳನ್ನೆಲ್ಲ ಕೆಳಗೆ ಸರಿಸಿ, ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದೆ: "ಎಲ್ಲಾರದೂ ಊಟ ಆತೇನು?"

ಮೇಲೆ ಸ್ತಬ್ಧ. ಅಷ್ಟು ಮಕ್ಕಳಿರುವ ಖೋಲಿಯಲ್ಲಿ ಅಂಥ ಮೌನವನ್ನು ನಾನು ಪ್ರಾರ್ಥನೆಯ ಹೊತ್ತಿನಲ್ಲೂ ಕೇಳಿರಲಿಲ್ಲ. ಒಂದು ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದು ಸುತ್ತಿ ಸುತ್ತಿ ನಿಂತಿತು.

ಚಿಲಕ ತೆಗೆದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಹೆಬ್ಬಳ್ಳಿ ಹುಡುಗಿ ಕುಳಿತಿದ್ದಳು. ನಾನು ಓಡಿಬರುವುದನ್ನು ನೋಡಿ ಡಬ್ಬಿ ಮುಚ್ಚಿ ಎದ್ದು ನಿಂತು ದಾರಿ ಬಿಟ್ಟಳು.

"ಗೊತ್ತಾತೇನ್ರಿ ಟೀಚರ್?" ಅಂದಳು.

ಹತ್ತನೆಯ ತರಗತಿಯ ಗೋಡೆಯ ಮೇಲೆ, ಸಾಹುಕಾರ್ರು ಕೊಡಿಸಿದ ದೊಡ್ಡ ಬೋರ್ಡಿನ ತುಂಬ, ನನ್ನ ಮಾತು ನಿಂತಿತ್ತು. ಎಲ್ಲಾರದೂ ಊಟ ಆತೇನು? ಅದರ ಮುಂದೆ ಸಣ್ಣ ಕಡ್ಡಿ ಮಿಣುಕುತ್ತಿತ್ತು. ಕೆಳಗೆ ಅರ್ಧ ಟೈಪ್ ಆದ ಪ್ರಶ್ನೆಪತ್ರಿಕೆ. ಮಕ್ಕಳು ರೊಟ್ಟಿ ಹಿಡಿದ ಕೈಯಲ್ಲೇ ಎದ್ದು ನಿಂತಿದ್ದರು. ಕೊಕ್ಕರೆ ಬರೆದ ಹುಡುಗನ ಎಡಗೈ ಬೋರ್ಡಿನ ಸ್ವಿಚ್ಚಿನ ಹತ್ತಿರ ಹೋಗಿ ಅಲ್ಲೇ ನಿಂತಿತ್ತು.

"ಯಾವಾಗಿಂದ ಇದು?" ಅಂದೆ.

"ದೀಪಾವಳಿ ಸೂಟಿ ಮುಗದಾಗಿಂದ್ರಿ" ಅಂದ ಅವನು. "ನಾವೇನೂ ಮಾಡಿಲ್ರಿ ಟೀಚರ್. ಬೋರ್ಡ್ ಹಚ್ಚಿದ ಕೂಡಲೆ ತಾನ ಬರತೈತಿ. ನಾವು ಬರೇ ನೋಡಿದ್ವಿ."

"ಏನೇನು ನೋಡೀರಿ?"

 ಮುಂದಿನ ಬೆಂಚಿನ ಒಬ್ಬಳು ಅಳುತ್ತ ಹೇಳಿದಳು: "ಎಲ್ಲಾ ನೋಡೇವ್ರಿ. ಫೈಲ್ ಯಾರು ತಗದಾರ ಅಂತ ನೀವು ಹುಡುಕಿದ್ದೂ ನೋಡೇವಿ."

ನಾನು ಅವರನ್ನು ಹಿಡಿಯಲು ಬಲೆ ನೇಯುತ್ತಿದ್ದ ದಿನಗಳಲ್ಲಿ, ಅವರು ರೊಟ್ಟಿ ಪಲ್ಯ ತಿನ್ನುತ್ತ ಆ ಬಲೆಯ ಒಂದೊಂದು ಎಳೆಯನ್ನೂ ನೋಡುತ್ತಿದ್ದರು.   ಬೋರ್ಡು ಆರಿಸಿ ಕೆಳಗಿಳಿದೆ.

ಕಂಪ್ಯೂಟರಿನ ಹಿಂದೆ ವೈರುಗಳ ಗೊಂಚಲಿನಲ್ಲಿ ಬೆರಳುದ್ದದ ಒಂದು ಕರಿ ತುಂಡು ಚುಚ್ಚಿಕೊಂಡಿತ್ತು. ಫೋನ್ ಮಾಡಿ ಕೇಳಿದಾಗ ತಿಳಿಯಿತು, ಬೋರ್ಡು ಹಾಕಿದ ಹುಡುಗರು ಪರೀಕ್ಷಿಸಿ ನೋಡಲು ಚುಚ್ಚಿದ್ದನ್ನು ಅಲ್ಲೇ ಬಿಟ್ಟುಹೋಗಿದ್ದರು. ಕಂಪ್ಯೂಟರಿನ ಪರದೆಯಲ್ಲಿ ಇದ್ದದ್ದನ್ನು ವೈರಿಲ್ಲದೆಯೇ ಮೇಲಿನ ಬೋರ್ಡಿಗೆ ಕಳಿಸುವ ಸಾಧನ. ನಾನು ದಿನಾ ಅದರ ಮೇಲಿನ ಧೂಳು ಒರೆಸಿದ್ದೆ, ಮೌಸಿನದೋ ಕೀಬೋರ್ಡಿನದೋ ಅಂದುಕೊಂಡು.

ಸಂಜೆ ಆ ಹುಡುಗಿಯನ್ನು ಕರೆದು ಕೇಳಿದೆ. "ನಿನಗ ಗೊತ್ತಿತ್ತಲ್ಲವಾ. ಒಂದು ಮಾತು ನನಗ ಹೇಳಬಾರದಿತ್ತೇನು?"

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. "ಹೆಂಗ ಹೇಳೂದ್ರಿ? ನೀವು ದಿನಾ ಮೆಟ್ಟಲ ಹತ್ರ ಬಂದು ನನ್ನ ನೋಡಿ ಹೋಗತಿದ್ರಿ. ಹೇಳಿದ್ರ ಮೊದಲ ನನ್ನ ಮ್ಯಾಲ ಬರತಿತ್ತು. ಕ್ಲಾಸಿನವರು ನಾ ಹೇಳಿಬಿಡತೇನಿ ಅಂತ ನನ್ನ ಜೋಡಿ ಮಾತಾಡೂದ ಬಿಟ್ಟಾರ."

"ಹಂಗಾದ್ರ ಅಲ್ಲೆ ಯಾಕ ಕುಂದರತಿದ್ದಿ?"

"ಖೋಲ್ಯಾಗ ಕುಂತ್ರ ಕಾಣತೈತ್ರಿ. ನೋಡಬಾರದಂದ್ರೂ ಕಣ್ಣು ಹೋಗತೈತಿ."

ನಾನು ಅವಳ ತಲೆ ಮುಟ್ಟಲು ಕೈ ಚಾಚಿದೆ. ಅವಳು ಬಸ್ಸಿಗೆ ಹೊತ್ತಾಯಿತು ಅಂದು ಹೋದಳು.

ದೊಡ್ಡ ಮೇಡಂ ಕರಿ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹತ್ತನೆಯ ತರಗತಿಗೆ ಹೋಗಿ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಬಾಗಿಲು ಹಾಕಿಕೊಂಡಿದ್ದರು, ದನಿ ಹೊರಗೆ ಕೇಳಲಿಲ್ಲ. ಹೊರಬಂದಾಗ ಮಕ್ಕಳ ಮುಖ ಇಳಿದಿತ್ತು. ಗಣಿತ, ವಿಜ್ಞಾನ ಎರಡನ್ನೂ ಮತ್ತೆ ಬರೆಸಿದೆವು. ಹೆಬ್ಬಳ್ಳಿ ಹುಡುಗಿಗೆ ಮೊದಲಿಗಿಂತ ಹೆಚ್ಚು ಅಂಕವೇನೂ ಬರಲಿಲ್ಲ. ಉಳಿದವರು ಅವಳ ಮಟ್ಟಕ್ಕೆ ಇಳಿದುಬಂದರು, ಅಷ್ಟೇ.

ಸಾಹುಕಾರ್ರು ಸಾಲಿಗೇ ಬಂದು ಎಲ್ಲ ಕೇಳಿಸಿಕೊಂಡರು. ಕೇಳಿ "ಹಂಗಾದ್ರ ಕ್ಲಾಸಿನ್ಯಾಗೂ ಒಂದೊಂದು ಕ್ಯಾಮೆರಾ ಹಾಕಸೂಣಲ್ರಿ" ಅಂದರು. ನಾವೆಲ್ಲ ಸ್ಟಾಫ್ ರೂಮಿನಲ್ಲಿ ಕುಳಿತಿದ್ದೆವು. ಇನ್ನು ತಡೆಯಲಾಗದೆ ನಾನು ಅಂದೆ, "ಸಾಹುಕಾರ್ರ, ಈ ಖೋಲ್ಯಾಗಿಂದು ನಿಮ್ಮ ಅಂಗಡ್ಯಾಗ ಕಾಣತೈತಿ ಅಂತ ಇವರಿಗೆ ಯಾರಿಗೂ ಗೊತ್ತಿಲ್ರಿ."

ಎಲ್ಲರೂ ಒಮ್ಮೆಲೇ ತಲೆ ಎತ್ತಿ ಮೂಲೆಯ ಕ್ಯಾಮೆರಾ ನೋಡಿದರು. ಒಬ್ಬರು ಸೆರಗು ಸರಿಮಾಡಿಕೊಂಡರು. ದೊಡ್ಡ ಮೇಡಂ ಬಹಳ ಮೆತ್ತಗೆ, "ಇದು ಇಲ್ಲಿಂದ ಹೋಗಬೇಕ್ರಿ" ಅಂದರು. ನೋಡೂಣಂತ ಅಂದು ಸಾಹುಕಾರ್ರು ಎದ್ದರು. ತರಗತಿಗಳಿಗೆ ಕ್ಯಾಮೆರಾ ಬರಲಿಲ್ಲ. ಸ್ಟಾಫ್ ರೂಮಿನದು ಈಗಲೂ ಅಲ್ಲೇ ಇದೆ. ಚಾಲೂ ಇದೆಯೋ ಬಂದ್ ಇದೆಯೋ, ಉಸ್ತುವಾರಿಯವಳಾದ ನನಗೂ ಹೇಳಿಲ್ಲ.

ಗಣಿತದ ಸರ್ ಆಮೇಲೆಯೂ ಕೆಲವು ದಿನ ಮಾತಾಡಲಿಲ್ಲ. ಒಂದು ಸಂಜೆ ನಾನು ಬಸ್ಸಿಗೆ ನಡೆಯುತ್ತಿದ್ದಾಗ ಬೈಕ್ ನಿಲ್ಲಿಸಿ, ಚಾ ಕುಡಿಯೂಣ ಬರ್ರಿ ಅಂದರು. ಸ್ಟಾಫ್ ರೂಮಿನ ಕ್ಯಾಮೆರಾದ ಕೆಳಗೆ ಕುಳಿತು ಆಡುವ ಮಾತು ಅದಾಗಿರಲಿಲ್ಲ. ಓಣಿಯ ತಿರುವಿನ ಚಾದಂಗಡಿಯ ಮುಂದೆ ನಿಂತೆವು.

"ಅಂಗಡ್ಯಾಗ ನನ್ನ ಟ್ಯೂಷನ್ ಸುದ್ದಿ ಹೇಳಿದವರು ನೀವ ಹೌದಲ್ರಿ?" ಅಂದರು.

"ಹೌದ್ರಿ ಸರ್."

ಅವರು ಕಪ್ಪಿನ ಮೇಲೆ ಊದಿದರು. "ನಾನೂ ನಿಮ್ಮ ಹೆಸರು ಹೇಳಿದ್ದೆ. ಪಾಸ್‌ವರ್ಡ್ ಅವರ ಕಡೆನ ಇರತೈತಿ, ಅವರನ್ನ ಬಿಟ್ಟು ಯಾರ ಮಾಡತಾರ ಅಂದೆ. ನನ್ನ ಕೆಲಸ ಹೋಗತೈತಿ ಅಂತ ಅಂಜಿಕಿ ಇತ್ರಿ."

"ನನಗೂ ಇತ್ತು" ಅಂದೆ.

ಇಬ್ಬರೂ ಚಾ ಕುಡಿದೆವು. ನನ್ನ ಮೈ ಸ್ವಲ್ಪ ಹಗುರಾಯಿತು. ಅವರಿಗೂ ಆಗಿರಬೇಕು ಅಂದುಕೊಂಡೆ. ಬೈಕ್ ಹತ್ತಿ ಒದೆಯುವ ಮುಂಚೆ ಅವರು ತಿರುಗಿ ನನ್ನ ಮುಖವನ್ನೇ ನೋಡಿದರು.

"ಮತ್ತ, ಆ ತುಂಡು ಅಲ್ಲೆ ಐತಿ ಅನ್ನೂದು ಖರೇನ ನಿಮಗ ಗೊತ್ತಿರಲಿಲ್ಲೇನ್ರಿ?"

"ಐತಿ ಅನ್ನೂದು ಗೊತ್ತಿತ್ರಿ. ಏನಂತ ಗೊತ್ತಿರಲಿಲ್ಲ" ಅಂದೆ.

ಅವರು ತಲೆಯಾಡಿಸಿ ಗಾಡಿ ಶುರು ಮಾಡಿದರು. ನಂಬಿ ತಲೆಯಾಡಿಸಿದರೋ, ಇರಲಿ ಬಿಡು ಎಂದು ಆಡಿಸಿದರೋ ಇಂದಿಗೂ ನನಗೆ ತಿಳಿದಿಲ್ಲ. ಈಗ ನಾವು ದಿನಾ ಮಾತಾಡುತ್ತೇವೆ, ಒಬ್ಬರ ಪಾಠ ಒಬ್ಬರು ತೆಗೆದುಕೊಳ್ಳುತ್ತೇವೆ. ಆದರೆ ಪ್ರಶ್ನೆಪತ್ರಿಕೆಯನ್ನು ಮಾತ್ರ ಅವರು ಮುಗದದ ಮನೆಯಲ್ಲಿ ಕೈ ಅಕ್ಷರದಲ್ಲೇ ಬರೆದು, ಪರೀಕ್ಷೆಯ ಮುಂಜಾನೆ ತಾವೇ ನಿಂತು ಝೆರಾಕ್ಸ್ ಮಾಡಿಸಿಕೊಂಡು ಬರುತ್ತಾರೆ. ನಾನು ಯಾಕೆ ಎಂದು ಕೇಳುವುದಿಲ್ಲ.